ಗುಳ್ಳೆ ಎಲ್ಲವೂ ರೋಗವಲ್ಲ: ಗಂಡಸರು ಬಾಯಿಬಿಟ್ಟು ಹೇಳದ ಒಂದು ವಿಷಯ



ವೈದ್ಯಕೀಯ ನೆರವು ನಿಧಿಗಾಗಿ ಹೊರಬರುವ ಈ ಪತ್ರಿಕೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಮುಂತಾದ ವಿಷಯಗಳನ್ನು ಓದುವುದು ನಮಗೆಲ್ಲ ರೂಢಿ. ಈ ಸಲದ ಪಾಠ ಸ್ವಲ್ಪ ಬೇರೆ. ಗಂಡಸರ ಜನನಾಂಗದ ಚರ್ಮದ ಮೇಲೆ ಕಾಣಿಸುವ ಸಣ್ಣ ಗುಳ್ಳೆಗಳ ಬಗ್ಗೆ ಇಲ್ಲಿ ಬರೆದಿದ್ದೇನೆ. ಮನೆಮಂದಿ ಓದುವ ಪತ್ರಿಕೆಯಲ್ಲಿ ಇಂಥದ್ದೆಲ್ಲ ಬೇಕೇ ಎಂದು ಕೆಲವರು ಹುಬ್ಬೇರಿಸಬಹುದು. ಕನ್ನಡಕ್ಕೆ ಈ ವಿಷಯ ಹೊಸದೇನಲ್ಲ. ಡಾ. ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’ ಬರೆದು ಎಷ್ಟೋ ದಶಕಗಳಾದವು. ಅದು ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದಿಗೂ ಇದೆ. ಮುಚ್ಚಿಡುವುದರಿಂದ ಆಗುವ ನಷ್ಟ ದೊಡ್ಡದು ಎಂಬ ಕಾರಣಕ್ಕೆ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ.

ನಾನು ವೈದ್ಯನಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು, ಈಗ ನೆರವು ಅರ್ಜಿಗಳನ್ನು ಪರಿಶೀಲಿಸುವವರಲ್ಲಿ ಒಬ್ಬ. ಈ ಬರಹ ಓದಿ ಯಾರೂ ತಮ್ಮ ಕಾಯಿಲೆಯನ್ನು ತಾವೇ ನಿರ್ಧರಿಸಬಾರದು. ಯಾವುದಕ್ಕೆ ಹೆದರಬೇಕಾಗಿಲ್ಲ, ಯಾವುದನ್ನು ತಡಮಾಡದೆ ತೋರಿಸಬೇಕು, ಎಲ್ಲಿ ತೋರಿಸಬೇಕು ಎಂಬ ಮೂರು ಮಾತು ತಿಳಿದರೆ ಸಾಕು.

ಎರಡು ಅರ್ಜಿಗಳು

ಹೆಸರು, ಊರು ಬಿಟ್ಟು ಎರಡು ಪ್ರಕರಣಗಳನ್ನು ಹೇಳುತ್ತೇನೆ.

ಮೊದಲನೆಯದು ಒಬ್ಬ ಯುವಕನದು. ಮದುವೆ ಗೊತ್ತಾಗಿತ್ತು. ಶಿಶ್ನದ ತುದಿಯ ಸುತ್ತ ಸಾಲಾಗಿ ಸಣ್ಣ ಗುಳ್ಳೆಗಳಿರುವುದನ್ನು ಕಂಡು ತನಗೆ ದೊಡ್ಡ ರೋಗ ಬಂದಿದೆ ಎಂದುಕೊಂಡ. ಮನೆಯಲ್ಲಿ ಹೇಳಲಿಲ್ಲ. ಗೋಡೆಯ ಮೇಲಿನ ಜಾಹೀರಾತು ನೋಡಿ ಒಂದು ‘ಕ್ಲಿನಿಕ್‌’ಗೆ ಹೋದ. ಅಲ್ಲಿ ಕಂತು ಕಂತಾಗಿ ಹಣ ತೆಗೆದುಕೊಂಡು ಪುಡಿ, ಲೇಹ್ಯ, ಎಣ್ಣೆ ಕೊಟ್ಟರು. ಗುಳ್ಳೆ ಹೋಗಲಿಲ್ಲ, ಎಣ್ಣೆಯಿಂದ ಚರ್ಮ ಸುಟ್ಟಿತು. ಏನೇನೋ ನೆಪ ಹೇಳಿ ಮದುವೆಯನ್ನು ಮುಂದೂಡಿದ. ಕೈಸಾಲ ಬೆಳೆದ ಮೇಲೆ ‘ಚಿಕಿತ್ಸಾ ವೆಚ್ಚ’ ಎಂದು ನಮ್ಮಲ್ಲಿಗೆ ಅರ್ಜಿ ಬಂತು. ಅರ್ಜಿಯ ಜೊತೆ ಒಂದೂ ಸರಿಯಾದ ರಸೀದಿ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕಳಿಸಿದೆವು. ವೈದ್ಯರು ಎರಡು ನಿಮಿಷ ನೋಡಿ ಹೇಳಿದ್ದು ಇಷ್ಟೇ: ಗುಳ್ಳೆಗಳು ರೋಗವೇ ಅಲ್ಲ, ಎಣ್ಣೆಯಿಂದಾದ ಗಾಯಕ್ಕೆ ಮಾತ್ರ ಮದ್ದು ಬೇಕು.

ಎರಡನೆಯದು ಮೊಮ್ಮಕ್ಕಳನ್ನು ಕಂಡ ಹಿರಿಯರೊಬ್ಬರದು. ಮುಂದೊಗಲಿನ ಒಳಗೆ ಒಂದು ಗಂಟು, ಮೇಲೆ ವಾಸಿಯಾಗದ ಹುಣ್ಣು. ಸೊಸೆಯಂದಿರಿರುವ ಮನೆ, ಏನೆಂದು ಹೇಳುವುದು ಎಂದು ತಿಂಗಳುಗಟ್ಟಲೆ ಮುಚ್ಚಿಟ್ಟರು. ಬಟ್ಟೆಯಲ್ಲಿ ರಕ್ತದ ಕಲೆ ಕಂಡು ಹೆಂಡತಿ ಹಟ ಹಿಡಿದಾಗ ಆಸ್ಪತ್ರೆಗೆ ಹೋದರು. ಅದು ಕ್ಯಾನ್ಸರ್. ತೊಡೆಸಂದಿಗೂ ಹರಡಿತ್ತು. ಮೊದಲೇ ಬಂದಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾಗಿದ್ದದ್ದು ಅಂಗದ ಒಂದು ಭಾಗವನ್ನೇ ತೆಗೆಯುವವರೆಗೆ ಹೋಯಿತು.

ಇಬ್ಬರನ್ನೂ ಕಾಡಿದ್ದು ನಾಚಿಕೆ. ರೋಗವಿಲ್ಲದವನು ನಾಚಿಕೆಯಿಂದ ಹಣ ಕಳೆದುಕೊಂಡ, ರೋಗವಿದ್ದವರು ನಾಚಿಕೆಯಿಂದ ಸಮಯ ಕಳೆದುಕೊಂಡರು. ಸರಿಯಾದ ವೈದ್ಯರು ಒಮ್ಮೆ ನೋಡಿದ್ದರೆ ಎರಡೂ ಉಳಿಯುತ್ತಿತ್ತು.

ರೋಗವಲ್ಲದ ಗುಳ್ಳೆಗಳು

ನಮ್ಮ ಮುಖದ ಮೇಲೆ ಮಚ್ಚೆ, ಕತ್ತಿನ ಮೇಲೆ ಸಣ್ಣ ನರಹುಲಿಯಂಥ ತೊಗಲು ಇದ್ದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಜನನಾಂಗದ ಚರ್ಮವೂ ಚರ್ಮವೇ. ಅಲ್ಲಿ ಸಹಜವಾಗಿ ಕಾಣಿಸುವ ಕೆಲವನ್ನು ಒಂದೊಂದಾಗಿ ನೋಡೋಣ.

1. ಮುತ್ತಿನಂಥ ಗುಳ್ಳೆಗಳು. ಶಿಶ್ನದ ತುದಿಯ ದಪ್ಪ ಭಾಗದ ಅಂಚಿನಲ್ಲಿ ಒಂದು ಅಥವಾ ಎರಡು ಸಾಲಾಗಿ, ಪೋಣಿಸಿದ ಹಾಗೆ ಇರುತ್ತವೆ. ಒಂದೊಂದೂ ಸುಮಾರು 1ರಿಂದ 3 ಮಿಲಿಮೀಟರ್. ಬಣ್ಣ ಚರ್ಮದ್ದೇ, ಇಲ್ಲವೇ ಬಿಳಿಚು. ಎಲ್ಲವೂ ಒಂದೇ ಅಳತೆ, ಒಂದೇ ಆಕಾರ. ನೋವಿಲ್ಲ, ತುರಿಕೆಯಿಲ್ಲ. ಹರೆಯದಲ್ಲಿ ಕಾಣಿಸಿಕೊಂಡು ವಯಸ್ಸಾದಂತೆ ಮಾಸುವುದೂ ಉಂಟು. ಬೇರೆ ಬೇರೆ ಕಡೆ ನಡೆದ ಅಧ್ಯಯನಗಳಲ್ಲಿ ನೂರು ಗಂಡಸರಲ್ಲಿ 14ರಿಂದ 48 ಮಂದಿಗೆ ಇವು ಕಂಡುಬಂದಿವೆ. ಅಂದರೆ ಇದು ಅಪರೂಪದ ಸಂಗತಿಯೇ ಅಲ್ಲ. ಇವು ಲೈಂಗಿಕ ಸಂಪರ್ಕದಿಂದ ಬರುವುದಿಲ್ಲ, ಹೆಂಡತಿಗೆ ಅಂಟುವುದಿಲ್ಲ, ಸ್ನಾನ ಸರಿಯಾಗಿ ಮಾಡದ್ದರಿಂದ ಬಂದದ್ದೂ ಅಲ್ಲ. ಮೇಲೆ ಹೇಳಿದ ಯುವಕನಿಗಿದ್ದದ್ದು ಇದೇ.

2. ಫೋರ್ಡೈಸ್ ಚುಕ್ಕೆಗಳು. ಅಮೆರಿಕದ ಚರ್ಮವೈದ್ಯ ಜಾನ್ ಅಡಿಸನ್ ಫೋರ್ಡೈಸ್ 1896ರಲ್ಲಿ ವಿವರಿಸಿದ್ದರಿಂದ ಈ ಹೆಸರು. ನಮ್ಮ ಚರ್ಮಕ್ಕೆ ಜಿಡ್ಡು ಒದಗಿಸುವ ಗ್ರಂಥಿಗಳು ಸಾಮಾನ್ಯವಾಗಿ ಕೂದಲಿನ ಬುಡದಲ್ಲಿರುತ್ತವೆ. ಕೆಲವು ಕಡೆ ಕೂದಲಿಲ್ಲದೆಯೂ ಚರ್ಮದಡಿ ಇದ್ದು, ತಿಳಿಹಳದಿ ಅಥವಾ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ತುಟಿಯ ಅಂಚಿನಲ್ಲೂ ಕೆನ್ನೆಯ ಒಳಭಾಗದಲ್ಲೂ ಇವನ್ನು ನೋಡಬಹುದು. ಶಿಶ್ನದ ಉದ್ದಕ್ಕೂ, ವೃಷಣ ಚೀಲದ ಮೇಲೂ ಇರುತ್ತವೆ. ಚರ್ಮವನ್ನು ಎಳೆದು ಹಿಡಿದರೆ ಇನ್ನೂ ಎದ್ದು ಕಾಣುತ್ತವೆ. ಪ್ರಾಯಕ್ಕೆ ಬರುವಾಗ ಕಣ್ಣಿಗೆ ಬೀಳುವುದರಿಂದ ಹುಡುಗರು ‘ಹೊಸ ರೋಗ’ ಎಂದು ಹೆದರುತ್ತಾರೆ. ಇವುಗಳಿಗೆ ಚಿಕಿತ್ಸೆ ಬೇಕಿಲ್ಲ. ಮೊಡವೆಯಂತೆ ಹಿಸುಕುವುದಂತೂ ಬೇಡವೇ ಬೇಡ, ಹಿಸುಕಿದರೆ ಕೀವಾದೀತು.

3. ಕೆಂಪು-ನೇರಳೆ ಚುಕ್ಕೆಗಳು. ನಡುವಯಸ್ಸು ದಾಟಿದವರ ವೃಷಣ ಚೀಲದ ಮೇಲೆ ಗಸಗಸೆ, ಸಾಸಿವೆ ಕಾಳಿನಷ್ಟು ದೊಡ್ಡ ಕಡುಗೆಂಪು ಅಥವಾ ನೇರಳೆ ಗುಳ್ಳೆಗಳು ಬರುವುದುಂಟು. ಇವನ್ನೂ ವಿವರಿಸಿದವರು ಅದೇ ಫೋರ್ಡೈಸ್, ಅದೇ 1896ರಲ್ಲಿ. ಚರ್ಮದ ಮೇಲ್ಪದರದ ರಕ್ತನಾಳಗಳು ಹಿಗ್ಗಿ ಹೀಗಾಗುತ್ತದೆ. ಕೆರೆದರೆ ಅಥವಾ ಕ್ಷೌರ ಮಾಡುವಾಗ ತಾಗಿದರೆ ರಕ್ತ ಬರುತ್ತದೆ, ಚಡ್ಡಿಯಲ್ಲಿ ಕಲೆ ನೋಡಿ ಗಾಬರಿಯಾಗುತ್ತದೆ. ಒತ್ತಿ ಹಿಡಿದರೆ ನಿಲ್ಲುತ್ತದೆ. ಇದು ಕ್ಯಾನ್ಸರ್ ಅಲ್ಲ. ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ ವೈದ್ಯರು ಸುಲಭವಾಗಿ ಸುಟ್ಟು ತೆಗೆಯುತ್ತಾರೆ. ಒಂದು ಎಚ್ಚರಿಕೆ: ಬಾಲ್ಯದಿಂದಲೋ ಹರೆಯದಿಂದಲೋ ಹೊಕ್ಕುಳಿನಿಂದ ತೊಡೆಯವರೆಗೆ ಇಂಥ ಚುಕ್ಕೆಗಳು ಹರಡಿದ್ದು, ಜೊತೆಗೆ ಕೈಕಾಲು ಉರಿ ಇದ್ದರೆ ಅದು ಫ್ಯಾಬ್ರಿ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇರಬಹುದು, ತೋರಿಸಬೇಕು.

4. ಮೇಣದಂಥ ಗಂಟುಗಳು. ವೃಷಣ ಚೀಲದ ಚರ್ಮದಲ್ಲೇ ಬಟಾಣಿಯಷ್ಟು ದಪ್ಪದ, ಗಟ್ಟಿಯಾದ, ಬಿಳಿ-ಹಳದಿ ಗಂಟುಗಳು ಕೆಲವರಿಗೆ ಒಂದೆರಡು, ಕೆಲವರಿಗೆ ಹತ್ತಾರು ಇರುತ್ತವೆ. ಚರ್ಮದ ಒಳಗೆ ಕೋಶಗಳ ಕಸ ಸೇರಿಕೊಂಡು ಆಗುವ ಚೀಲಗಳಿವು. ಕಾಲಕ್ರಮೇಣ ಸುಣ್ಣ ಕಟ್ಟಿ ಗಟ್ಟಿಯಾಗುವುದೂ ಉಂಟು. ತೊಂದರೆ ಕೊಡದಿದ್ದರೆ ಹಾಗೆಯೇ ಬಿಡಬಹುದು. ಕೆಂಪಗಾಗಿ ನೋಯತೊಡಗಿದರೆ ಕೀವಾಗಿದೆ ಎಂದರ್ಥ, ವೈದ್ಯರು ಬೇಕು.

5. ಪುಟ್ಟ ಹುಡುಗರ ಬಿಳಿ ಮುತ್ತು. ಇದು ತಾಯಂದಿರಿಗೆ. ಎರಡು ಮೂರು ವರ್ಷದ ಗಂಡುಮಕ್ಕಳ ಮುಂದೊಗಲಿನಡಿ ಅಕ್ಕಿಕಾಳಿನಂಥ ಬಿಳಿ ಉಬ್ಬು ಕಾಣಿಸಬಹುದು. ಉದುರಿದ ಚರ್ಮಕೋಶಗಳು ಅಲ್ಲಿ ಸೇರಿರುವುದಷ್ಟೇ. ತೊಗಲು ತಾನಾಗಿ ಬಿಡಿಸಿಕೊಂಡಾಗ ಹೊರಬರುತ್ತದೆ. ಎಣ್ಣೆ ಹಚ್ಚಿ ಬಲವಂತವಾಗಿ ಹಿಂದಕ್ಕೆ ಎಳೆಯಬಾರದು. ಎಳೆದರೆ ಗಾಯವಾಗಿ ಮುಂದೆ ತೊಗಲು ಬಿಗಿಯಾಗುತ್ತದೆ.

ಇವೆಲ್ಲಕ್ಕೂ ಸಾಮಾನ್ಯವಾದ ಗುಣ ಒಂದಿದೆ. ಇವು ಇದ್ದ ಹಾಗೆಯೇ ಇರುತ್ತವೆ. ಹೋದ ವರ್ಷ ಹೇಗಿತ್ತೋ ಈ ವರ್ಷವೂ ಹೆಚ್ಚುಕಡಿಮೆ ಹಾಗೆಯೇ. ಬದಲಾಗುವ ಗುಳ್ಳೆಯೇ ಬೇರೆ.

ತಡಮಾಡದೆ ತೋರಿಸಬೇಕಾದವು

ನರಹುಲಿ. ಹೂಕೋಸಿನ ಮೇಲ್ಮೈಯಂತೆ ಒರಟಾಗಿ, ಒಂದು ದೊಡ್ಡದು ಒಂದು ಸಣ್ಣದು, ಎಲ್ಲೆಂದರಲ್ಲಿ ಬೆಳೆಯುತ್ತವೆ, ವಾರದಿಂದ ವಾರಕ್ಕೆ ಹೆಚ್ಚುತ್ತವೆ. ಎಚ್‌ಪಿವಿ ಎಂಬ ವೈರಾಣುವಿನಿಂದ, ಮುಖ್ಯವಾಗಿ ಅದರ 6 ಮತ್ತು 11ನೇ ಬಗೆಗಳಿಂದ ಬರುತ್ತವೆ. ಸಂಪರ್ಕದಿಂದ ಹರಡುತ್ತವೆ. ಮುತ್ತಿನಂಥ ಗುಳ್ಳೆಗಳನ್ನು ಜನ ನರಹುಲಿ ಎಂದು ತಪ್ಪು ತಿಳಿಯುವುದೇ ಹೆಚ್ಚು. ಮುತ್ತಿನಂಥವು ಸಾಲಾಗಿ ನುಣುಪಾಗಿರುತ್ತವೆ, ನರಹುಲಿ ಅಡ್ಡಾದಿಡ್ಡಿಯಾಗಿ ಒರಟಾಗಿರುತ್ತದೆ.

ನಡುವೆ ಕುಳಿ ಇರುವ ಗುಳ್ಳೆ. ಹೊಳೆಯುವ ದುಂಡು ಗುಳ್ಳೆ, ಸರಿಯಾಗಿ ಮಧ್ಯದಲ್ಲಿ ಸೂಜಿಮೊನೆಯಷ್ಟು ಗುಳಿ. ಇದೂ ಒಂದು ವೈರಾಣು ಸೋಂಕು, ಹೆಸರು ಮೊಲಸ್ಕಮ್. ಮಕ್ಕಳಿಗೆ ಮೈಮೇಲೆ ಬರುವುದು ಸಾಮಾನ್ಯ. ದೊಡ್ಡವರಿಗೆ ಜನನಾಂಗದಲ್ಲಿ ಬಂದರೆ ಪರೀಕ್ಷೆ ಮಾಡಿಸಬೇಕು.

ಕಜ್ಜಿ. ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದಿ, ಹೊಕ್ಕುಳ ಸುತ್ತ, ಕಂಕುಳು, ಜೊತೆಗೆ ಶಿಶ್ನ ಮತ್ತು ವೃಷಣ ಚೀಲದ ಮೇಲೆ ಕೆಂಪು ಗಂಟುಗಳು. ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಮಲಗುವ ಹೋಟೆಲ್ ಹುಡುಗರಲ್ಲಿ, ಹಾಸ್ಟೆಲ್ ವಿದ್ಯಾರ್ಥಿಗಳಲ್ಲಿ ಬೇಗ ಹರಡುತ್ತದೆ. ಇದಕ್ಕೆ ವೈದ್ಯರು ಬರೆದುಕೊಡುವ ಮುಲಾಮನ್ನು ಕತ್ತಿನಿಂದ ಪಾದದವರೆಗೆ ಹಚ್ಚಬೇಕು. ಕೋಣೆಯಲ್ಲಿರುವವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು. ಒಬ್ಬರು ಬಿಟ್ಟರೂ ಮತ್ತೆ ಬರುತ್ತದೆ. ಹುಳು ಸತ್ತ ಮೇಲೂ ವೃಷಣದ ಮೇಲಿನ ಗಂಟುಗಳು ಕೆಲವು ವಾರ ಉಳಿಯಬಹುದು, ಅದಕ್ಕೆ ಹೆದರಬೇಕಾಗಿಲ್ಲ.

ನೋಯುವ ನೀರ್ಗುಳ್ಳೆ, ನೋಯದ ಹುಣ್ಣು. ಉರಿಯುವ ಸಣ್ಣ ನೀರ್ಗುಳ್ಳೆಗಳು ಗುಂಪಾಗಿ ಎದ್ದು ಒಡೆದು ಹುಣ್ಣಾದರೆ ಹರ್ಪಿಸ್ ಇರಬಹುದು. ಒಂದೇ ಒಂದು, ನೋವಿಲ್ಲದ, ಅಂಚು ಗಟ್ಟಿಯಾದ ಹುಣ್ಣಾದರೆ ಸಿಫಿಲಿಸ್ ಇರಬಹುದು. ಸಿಫಿಲಿಸ್‌ನ ಹುಣ್ಣು ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಮಾಯಿತು ಎಂದು ಸುಮ್ಮನಿರುವುದೇ ಅಪಾಯ. ರೋಗ ಒಳಗೇ ಉಳಿದಿರುತ್ತದೆ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ, ಪೆನಿಸಿಲಿನ್‌ನಿಂದ ಗುಣವಾಗುತ್ತದೆ.

ಸಕ್ಕರೆ ಕಾಯಿಲೆಯ ಸುಳಿವು. ಮುಂದೊಗಲು ಕೆಂಪಾಗಿ, ಬಿಳಿ ಪದರ ಕಟ್ಟಿ, ತುರಿಸಿ, ಸೀಳು ಬಿಟ್ಟರೆ ಅದು ಹೆಚ್ಚಾಗಿ ಬೂಷ್ಟಿನ ಸೋಂಕು. ಐವತ್ತು ದಾಟಿದವರಲ್ಲಿ ಎಷ್ಟೋ ಸಲ ಸಕ್ಕರೆ ಕಾಯಿಲೆ ಮೊದಲು ಪತ್ತೆಯಾಗುವುದೇ ಹೀಗೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಅವನ್ನು ತೆಗೆದುಕೊಳ್ಳುವವರಿಗೆ ಈ ಸೋಂಕು ಹೆಚ್ಚು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಆನೆಕಾಲಿನ ನಂಟು. ಸೂರತ್ ಭಾಗ ಹಿಂದಿನಿಂದಲೂ ಫೈಲೇರಿಯಾ ಇದ್ದ ಪ್ರದೇಶ. ನಮ್ಮ ಕರಾವಳಿಯ ಜಿಲ್ಲೆಗಳೂ ಅಷ್ಟೆ. ವೃಷಣ ಚೀಲದಲ್ಲಿ ನೀರು ತುಂಬಿ ಊದುವುದು ಇದರ ಒಂದು ರೂಪ. ಚೀಲದ ಚರ್ಮದ ಮೇಲೆ ನೀರ್ಗುಳ್ಳೆಗಳೆದ್ದು ನೀರು ಅಥವಾ ಹಾಲಿನಂಥ ದ್ರವ ಒಸರುವುದು ಇನ್ನೊಂದು ರೂಪ. ಊರಲ್ಲಿ ಆನೆಕಾಲು ನೋಡಿದ ಹಿರಿಯರಿಗೆ ಇದು ಗೊತ್ತು. ಈಗಿನ ಹುಡುಗರಿಗೆ ಗೊತ್ತಿಲ್ಲ.

ಕ್ಯಾನ್ಸರ್. ಶಿಶ್ನದ ಕ್ಯಾನ್ಸರ್ ವಿರಳ, ಆದರೆ ಪಾಶ್ಚಾತ್ಯ ದೇಶಗಳಿಗಿಂತ ನಮ್ಮ ದೇಶದಲ್ಲಿ ಹೆಚ್ಚು. ಮುಂದೊಗಲು ಹಿಂದೆ ಸರಿಯದಿರುವುದು, ಒಳಗೆ ಸ್ವಚ್ಛವಾಗದಿರುವುದು, ಎಚ್‌ಪಿವಿ ಸೋಂಕು, ತಂಬಾಕು ಇವು ಅಪಾಯ ಹೆಚ್ಚಿಸುತ್ತವೆ. ಬೆಳೆಯುವ ಗಂಟು, ಮಾಯದ ಹುಣ್ಣು, ದುರ್ವಾಸನೆಯ ಸ್ರಾವ, ರಕ್ತ ಇದರ ಲಕ್ಷಣಗಳು. ಮೊದಲೆಲ್ಲ ಸರಿಯುತ್ತಿದ್ದ ತೊಗಲು ವಯಸ್ಸಾದ ಮೇಲೆ ಬಿಗಿಯಾದರೆ ಅದನ್ನೂ ತೋರಿಸಬೇಕು.

ಇನ್ನೊಂದು ಮಾತು ಯುವಕರಿಗೆ. ಗಂಟು ಚರ್ಮದಲ್ಲಿದೆಯೋ ಒಳಗಿನ ವೃಷಣದಲ್ಲಿದೆಯೋ ಎಂದು ನೋಡಿ. ಚರ್ಮವನ್ನು ಚಿವುಟಿ ಎತ್ತಿದಾಗ ಜೊತೆಗೇ ಬಂದರೆ ಚರ್ಮದ್ದು. ವೃಷಣಕ್ಕೇ ಅಂಟಿದ ಗಟ್ಟಿ ಗಂಟು ನೋವಿಲ್ಲದಿದ್ದರೂ ಕೂಡಲೇ ತೋರಿಸಬೇಕು. ವೃಷಣದ ಕ್ಯಾನ್ಸರ್ ಹರೆಯದವರಿಗೇ ಹೆಚ್ಚಾಗಿ ಬರುತ್ತದೆ, ಬೇಗ ಸಿಕ್ಕಿದರೆ ಚೆನ್ನಾಗಿ ಗುಣವಾಗುತ್ತದೆ.

ಕೇಳಿಕೊಳ್ಳಬೇಕಾದ ಆರು ಪ್ರಶ್ನೆಗಳು

1. ಗುಳ್ಳೆ ಹೊಸದೇ, ಅಥವಾ ಹೊಸದಾಗಿ ಬೆಳೆಯುತ್ತಿದೆಯೇ?
2. ನೋವು, ಉರಿ, ತುರಿಕೆ ಇದೆಯೇ?
3. ಒಡೆದು ಹುಣ್ಣಾಗಿದೆಯೇ, ಎರಡು ವಾರವಾದರೂ ಮಾಯಲಿಲ್ಲವೇ?
4. ರಕ್ತ, ಕೀವು, ವಾಸನೆ ಇದೆಯೇ?
5. ತೊಡೆಸಂದಿಯಲ್ಲಿ ಗಂಟು, ಜ್ವರ, ಮೂತ್ರದಲ್ಲಿ ಉರಿ ಇದೆಯೇ?
6. ಹೊಸ ಲೈಂಗಿಕ ಸಂಪರ್ಕದ ನಂತರ ಬಂದದ್ದೇ?

ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಬಳಿ ಹೋಗಿ. ಎಲ್ಲಕ್ಕೂ ‘ಇಲ್ಲ’ ಎಂದಾದರೆ ಅವಸರವಿಲ್ಲ. ಆದರೂ ಮನಸ್ಸಿಗೆ ಕಿರಿಕಿರಿ ಇದ್ದರೆ ಒಮ್ಮೆ ತೋರಿಸಿ ನಿಶ್ಚಿಂತೆಯಿಂದ ಇರುವುದೇ ಲೇಸು. ರೋಗವಲ್ಲದ ಗುಳ್ಳೆಯನ್ನು ಅಂದಕ್ಕಾಗಿ ತೆಗೆಸಿಕೊಳ್ಳಲೇಬೇಕು ಎನ್ನುವವರಿಗೆ ಲೇಸರ್ ಇದೆ. ಆದರೆ ಅದು ಅಗತ್ಯದ ಚಿಕಿತ್ಸೆಯಲ್ಲ, ಅದಕ್ಕಾಗಿ ಸಾಲ ಮಾಡುವುದಂತೂ ಬೇಡ.

ಅಂಗಡಿಯ ಮುಲಾಮು ಬೇಡ

ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗುವುದು ಔಷಧ ಅಂಗಡಿಗೆ. ‘ತುರಿಕೆಗೆ ಏನಾದರೂ ಕೊಡಿ’ ಎಂದರೆ ಸ್ಟೀರಾಯ್ಡ್, ಬೂಷ್ಟುನಾಶಕ, ಆಂಟಿಬಯೋಟಿಕ್ ಮೂರೂ ಬೆರೆಸಿದ ಟ್ಯೂಬು ಕೈಗೆ ಬರುತ್ತದೆ. ಎರಡು ದಿನ ತುರಿಕೆ ತಗ್ಗುತ್ತದೆ. ಒಳಗೆ ಸೋಂಕು ಬೆಳೆಯುತ್ತದೆ, ಚರ್ಮ ತೆಳುವಾಗುತ್ತದೆ.

ದೇಹದ ಎಲ್ಲ ಕಡೆಯ ಚರ್ಮ ಒಂದೇ ರೀತಿ ಔಷಧ ಹೀರುವುದಿಲ್ಲ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕದ ವಿಜ್ಞಾನಿಗಳು ಸ್ಟೀರಾಯ್ಡ್ ಔಷಧವನ್ನು ಬೇರೆ ಬೇರೆ ಕಡೆ ಹಚ್ಚಿ ಅಳೆದು ನೋಡಿದರು. ಮುಂಗೈ ಚರ್ಮ ಒಂದು ಪಾಲು ಹೀರಿದರೆ ವೃಷಣ ಚೀಲದ ಚರ್ಮ 42 ಪಾಲು ಹೀರಿತು. ಕೈಗೆ ಹಚ್ಚಿದರೆ ಏನೂ ಆಗದ ಮುಲಾಮು ಅಲ್ಲಿ ಯಾಕೆ ಹಾನಿ ಮಾಡುತ್ತದೆ ಎಂಬುದಕ್ಕೆ ಈ ಒಂದು ಅಂಕಿ ಸಾಕು. ಚರ್ಮವೈದ್ಯರ ಸಂಘದವರು ವರ್ಷಗಟ್ಟಲೆ ಹೇಳಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ನರಹುಲಿಗೆಂದು ಮಾರುವ ಆಸಿಡ್, ಸುಣ್ಣ, ಬೆಳ್ಳುಳ್ಳಿ ರಸ, ಗೇರುಬೀಜದ ಸಿಪ್ಪೆಯ ಎಣ್ಣೆ ಇವನ್ನು ಯಾವ ಕಾರಣಕ್ಕೂ ಅಲ್ಲಿ ಹಚ್ಚಬಾರದು. ಗೇರೆಣ್ಣೆ ಕೈಗೆ ತಾಗಿದರೇ ಸುಡುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ದಿನಾ ಸ್ನಾನದಲ್ಲಿ ತೊಗಲನ್ನು ಹಿಂದೆ ಸರಿಸಿ ಬರೀ ನೀರಿನಿಂದ ತೊಳೆದು, ಒರೆಸಿ, ಮತ್ತೆ ಮುಂದಕ್ಕೆ ತರಬೇಕು. ಡೆಟ್ಟಾಲ್ ಮುಂತಾದವು ಬೇಕಿಲ್ಲ.

ಗೋಡೆ ಬರಹದ ‘ವೈದ್ಯರು’

ರೈಲಿನಲ್ಲಿ ಬರುವಾಗ ಹಳಿಯ ಪಕ್ಕದ ಗೋಡೆಗಳ ಮೇಲೆ ‘ಗುಪ್ತರೋಗ, ಗ್ಯಾರಂಟಿ ಇಲಾಜ್’ ಎಂಬ ದೊಡ್ಡ ಅಕ್ಷರಗಳನ್ನು ಯಾರು ನೋಡಿಲ್ಲ? ಈಗ ಅದೇ ಜಾಹೀರಾತು ಮೊಬೈಲಿಗೆ ಬಂದಿದೆ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧ, ಲೈಂಗಿಕ ರೋಗ ಗುಣಪಡಿಸುವ ಔಷಧ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಸಜೆ ವಿಧಿಸಬಹುದು. ಆದ್ದರಿಂದ ‘ಗ್ಯಾರಂಟಿ’ ಎಂದು ಬರೆದುಕೊಂಡವನು ಬಾಗಿಲಲ್ಲೇ ಕಾನೂನು ಮುರಿದಿದ್ದಾನೆ ಎಂದು ತಿಳಿಯಿರಿ.

ಅವರ ವ್ಯಾಪಾರ ನಡೆಯುವ ರೀತಿಯೂ ಸರಳ. ರೋಗವಿಲ್ಲದವನಿಗೆ ಮೊದಲು ರೋಗದ ಭಯ ಮಾರುತ್ತಾರೆ, ಆಮೇಲೆ ಔಷಧ ಮಾರುತ್ತಾರೆ. ಸಹಜ ಗುಳ್ಳೆ ಹೇಗಿದ್ದರೂ ಹೋಗುವುದಿಲ್ಲ, ಹಾಗಾಗಿ ಗಿರಾಕಿಯೂ ಹೋಗುವುದಿಲ್ಲ. ಮೋಸಹೋದವನು ನಾಚಿಕೆಯಿಂದ ಪೊಲೀಸರಿಗೂ ಹೇಳುವುದಿಲ್ಲ. ಪರೀಕ್ಷಿಸಲು ಒಂದು ಉಪಾಯ: ಚೀಟಿಯ ಮೇಲೆ ವೈದ್ಯರ ಹೆಸರು, ಪದವಿ, ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ ನೋಡಿ. ಹಣಕ್ಕೆ ರಸೀದಿ ಕೇಳಿ. ಎರಡೂ ಇಲ್ಲದಿದ್ದರೆ ಎದ್ದು ಬನ್ನಿ.

ನಮ್ಮ ಮೂರು ಊರುಗಳಲ್ಲಿ ಎಲ್ಲಿಗೆ ಹೋಗಬೇಕು?

ಅಹಮದಾಬಾದಿನಲ್ಲಿ ಅಸಾರ್ವಾದ ಸಿವಿಲ್ ಆಸ್ಪತ್ರೆ, ಸೋಲಾ ಸಿವಿಲ್, ಮಣಿನಗರದ ಎಲ್.ಜಿ. ಆಸ್ಪತ್ರೆ, ವಡೋದರಾದಲ್ಲಿ ಎಸ್‌ಎಸ್‌ಜಿ ಆಸ್ಪತ್ರೆ, ಗೋತ್ರಿಯ ಆಸ್ಪತ್ರೆ, ಸೂರತ್‌ನಲ್ಲಿ ಮಜೂರಾ ಗೇಟಿನ ನ್ಯೂ ಸಿವಿಲ್ ಆಸ್ಪತ್ರೆ ಮತ್ತು ನಗರಪಾಲಿಕೆಯ ಸ್ಮಿಮೇರ್. ಇವೆಲ್ಲ ವೈದ್ಯಕೀಯ ಕಾಲೇಜುಗಳಿರುವ ಆಸ್ಪತ್ರೆಗಳು. ಬೆಳಗಿನ ಹೊತ್ತು ಕೇಸ್ ಪೇಪರ್ ಮಾಡಿಸಿ ‘ಸ್ಕಿನ್’ ವಿಭಾಗ ಎಂದು ಕೇಳಿದರೆ ಸಾಕು. ಖರ್ಚು ಆಟೋ ಬಾಡಿಗೆಗಿಂತ ಕಡಿಮೆ.

ಆ ವಿಭಾಗದ ಫಲಕದಲ್ಲಿ ಚರ್ಮ, ಗುಪ್ತರೋಗ, ಕುಷ್ಠ ಮೂರೂ ಬರೆದಿರುವುದುಂಟು. ಅದನ್ನು ನೋಡಿ ಹಿಂದೆ ಸರಿಯಬೇಡಿ. ಒಂದೇ ಸ್ನಾತಕೋತ್ತರ ಪದವಿಯಲ್ಲಿ ಈ ಮೂರನ್ನೂ ಕಲಿಸುತ್ತಾರೆ. ಪಕ್ಕದಲ್ಲಿ ಕೂತವರು ತಲೆಹೊಟ್ಟಿಗೆ ಬಂದಿರಬಹುದು, ಮೊಡವೆಗೆ ಬಂದಿರಬಹುದು. ನೀವು ಯಾಕೆ ಬಂದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಲೈಂಗಿಕ ಸೋಂಕಿನ ಸಂಶಯವಿದ್ದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಪರೀಕ್ಷೆ, ಔಷಧ ಉಚಿತ. 1097 ಎಂಬ ಶುಲ್ಕವಿಲ್ಲದ ಸಹಾಯವಾಣಿಗೆ ಹೆಸರು ಹೇಳದೆಯೂ ಕರೆ ಮಾಡಿ ಕೇಳಬಹುದು. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ ಎಂದು 2017ರ ಕಾನೂನು ಹೇಳುತ್ತದೆ.

ಕ್ಯಾನ್ಸರ್ ಸಂಶಯವಿದ್ದರೆ ಅಸಾರ್ವಾದ ಸಿವಿಲ್ ಆವರಣದಲ್ಲೇ 1972ರಲ್ಲಿ ಸ್ಥಾಪನೆಯಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ವಡೋದರಾ, ಸೂರತ್‌ನವರನ್ನೂ ಅಲ್ಲಿಗೆ ಕಳಿಸುತ್ತಾರೆ.

ಭಾಷೆಯ ಅಂಜಿಕೆಯೂ ಒಂದು ತಡೆ. ಊರಿನಿಂದ ಹೊಸದಾಗಿ ಬಂದ ಹುಡುಗರಿಗಾಗಿ ಕೆಲವು ಗುಜರಾತಿ ಪದಗಳು: ಚರ್ಮಕ್ಕೆ ‘ಚಾಮಡಿ’, ಗುಳ್ಳೆಗಳಿಗೆ ‘ದಾಣಾ’, ತುರಿಕೆಗೆ ‘ಖಂಜವಾಳ್’, ಹುಣ್ಣಿಗೆ ‘ಚಾಂದುಂ’, ನೋವಿಗೆ ‘ದುಖಾವೋ’, ಊತಕ್ಕೆ ‘ಸೋಜೋ’, ರಕ್ತಕ್ಕೆ ‘ಲೋಹೀ’. ‘ಪೇಶಾಬ್‌ನೀ ಜಗ್ಯಾಏ ದಾಣಾ ಥಯಾ ಛೇ’ ಎಂದರೆ ‘ಮೂತ್ರದ ಜಾಗದಲ್ಲಿ ಗುಳ್ಳೆಯಾಗಿದೆ’ ಎಂದಾಯಿತು. ಇದಕ್ಕಿಂತ ಸಭ್ಯವಾದ ಮಾತು ಬೇಕಿಲ್ಲ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಒಳಗೆ ಮಹಿಳಾ ವೈದ್ಯರಿದ್ದರೆ ಸಂಕೋಚವಾಗುತ್ತದೆ ಎನ್ನುವವರು ಪುರುಷ ವೈದ್ಯರನ್ನು ಕೇಳಬಹುದು. ಆದರೆ ಅವರಿಗೆ ಇದು ದಿನಕ್ಕೆ ಹತ್ತು ಸಲ ನೋಡುವ ಚರ್ಮ ಮಾತ್ರ.

ನೆರವು ನಿಧಿಯ ಬಗ್ಗೆ

ಆಯುಷ್ಮಾನ್ ಕಾರ್ಡ್ ಇದ್ದವರಿಗೆ ಗುಜರಾತಿನಲ್ಲಿ 2023ರ ಜುಲೈನಿಂದ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ ಸಿಗುತ್ತದೆ. 70 ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆದಾಯದ ಮಿತಿಯಿಲ್ಲದೆ ಕಾರ್ಡ್ ಕೊಡುತ್ತಿದ್ದಾರೆ. ಆದರೆ ಹೊರರೋಗಿ ವಿಭಾಗದ ಔಷಧ, ಓಡಾಟ, ಜೊತೆಗಿರುವವರ ಊಟ-ವಸತಿ ಇದರಲ್ಲಿ ಬರುವುದಿಲ್ಲ. ಆ ಅಂತರವನ್ನು ತುಂಬುವುದಕ್ಕೇ ನಮ್ಮ ನಿಧಿ ಇರುವುದು.

ಅರ್ಜಿ ಹಾಕುವವರು ತಿಳಿಯಬೇಕಾದದ್ದು: ನೋಂದಾಯಿತ ವೈದ್ಯರ ಚೀಟಿ ಮತ್ತು ರಸೀದಿ ಕಡ್ಡಾಯ. ಗೋಡೆ ಬರಹದ ಕ್ಲಿನಿಕ್‌ಗಳಿಗೆ ಕೊಟ್ಟ ಹಣವನ್ನು ನಿಧಿ ತುಂಬಿಕೊಡುವುದಿಲ್ಲ. ಕಾಯಿಲೆಯ ಹೆಸರನ್ನು ಅರ್ಜಿಯಲ್ಲಿ ಬರೆಯಲು ಮುಜುಗರವಾದರೆ ‘ಚರ್ಮರೋಗ’ ಎಂದಷ್ಟೇ ಬರೆದು, ವೈದ್ಯರ ಚೀಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಇಡಿ. ಅದನ್ನು ಇಬ್ಬರು ಸದಸ್ಯರು ಮಾತ್ರ ನೋಡುತ್ತಾರೆ. ಸಭೆಯಲ್ಲಿ ಓದುವುದಿಲ್ಲ, ಪತ್ರಿಕೆಯಲ್ಲಿ ಹಾಕುವುದಿಲ್ಲ. ಆಸ್ಪತ್ರೆಗೆ ಒಬ್ಬರೇ ಹೋಗಲು ಅಂಜುವವರ ಜೊತೆ, ಗುಜರಾತಿ ಬಲ್ಲ ನಮ್ಮ ಹಿರಿಯ ಸದಸ್ಯರೊಬ್ಬರು ಬರುತ್ತಾರೆ.

ಹೋಟೆಲ್, ಕಾರ್ಖಾನೆ ನಡೆಸುವ ನಮ್ಮ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ದುಡಿಯುವ ಹುಡುಗರ ಕೋಣೆಯಲ್ಲಿ ಈ ಪುಟಗಳನ್ನು ಅಂಟಿಸಿ. ಆಸ್ಪತ್ರೆಗೆ ಹೋಗಬೇಕೆಂದು ಅರ್ಧ ದಿನ ರಜೆ ಕೇಳಿದರೆ ಕಾರಣ ಕೆದಕದೆ ಕೊಡಿ. ತಂದೆಯಂದಿರಲ್ಲಿ ಇನ್ನೊಂದು ವಿನಂತಿ. ಮಗ ಹದಿನಾಲ್ಕು-ಹದಿನೈದಕ್ಕೆ ಬಂದಾಗ ‘ಅಲ್ಲಿ ಏನಾದರೂ ಸಂಶಯ ಬಂದರೆ ನನ್ನನ್ನು ಕೇಳು, ನಾಚಿಕೆ ಬೇಡ’ ಎಂಬ ಒಂದೇ ಮಾತು ಹೇಳಿಬಿಡಿ. ಹೇಳದಿದ್ದರೆ ಅವನು ಗೋಡೆಯನ್ನೋ ಮೊಬೈಲನ್ನೋ ಕೇಳುತ್ತಾನೆ.

ಕೊನೆಗೆ, ಉಳ್ಳವರು ನಿಧಿಗೆ ಕೈಲಾದಷ್ಟು ಕೊಡಬೇಕೆಂದು ಕೋರುತ್ತೇನೆ. ಬಯಾಪ್ಸಿ ಪರೀಕ್ಷೆಗೆ, ಅಸಾರ್ವಾಕ್ಕೆ ಬಂದುಹೋಗುವ ರೈಲು ಖರ್ಚಿಗೆ, ತಿಂಗಳ ಮಾತ್ರೆಗೆ ನಿಮ್ಮ ಹಣ ಹೋಗುತ್ತದೆ. ಪ್ರತಿ ರೂಪಾಯಿಗೂ ಲೆಕ್ಕವಿದೆ, ವಾರ್ಷಿಕ ಸಭೆಯಲ್ಲಿ ಯಾರು ಬೇಕಾದರೂ ನೋಡಬಹುದು. ಕೊಡಲು ಆಗದವರು ಈ ಪತ್ರಿಕೆಯನ್ನು ಓದಿ ಇನ್ನೊಬ್ಬರಿಗೆ ದಾಟಿಸಿದರೂ ಅದು ನೆರವೇ.

ಎಲ್ಲರಿಗೂ ಆರೋಗ್ಯ ಭಾಗ್ಯ ದೊರೆಯಲಿ ಎಂದು ಹಾರೈಸುತ್ತೇನೆ.

ವೈದ್ಯಕೀಯ ನೆರವು ಸಮಿತಿಯ ಪರವಾಗಿ,
ನಿವೃತ್ತ ಬ್ಯಾಂಕ್ ಅಧಿಕಾರಿ, ಸಮಿತಿ ಸದಸ್ಯ